ಲಾರಿಯಾಗದ ರೋಬೋಟು

ಅಕ್ಕನ ರೋಬೋಟಿನ ಎಡಗಾಲು ಮುರಿದವನು ನಾನೇ.

ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುವುದು ಕ್ಷೇಮ. ಏಕೆಂದರೆ ಇಷ್ಟು ದಿನ ಕೇಳಿದವರಿಗೆಲ್ಲ ನಾನು ಈ ಅಪರಾಧವನ್ನು ಮೊದಲು ಬಸ್ಸಿನ ಡ್ರೈವರ್ ಮೇಲೆ, ಆಮೇಲೆ ಹೊಸನಗರದಿಂದ ಸಾಗರಕ್ಕೆ ಹೋಗುವ ರಸ್ತೆಯ ಒಂದು ತಿರುವಿನ ಮೇಲೆ, ಕೊನೆಗೆ ಆ ತಿರುವಿನಲ್ಲಿ ಅಡ್ಡ ಬಂತೆನ್ನಲಾದ ಒಂದು ಎಮ್ಮೆಯ ಮೇಲೆ ಹೊರಿಸಿದ್ದೇನೆ. ಡ್ರೈವರ್ ಪಾಪ, ನಿಧಾನಕ್ಕೇ ಬಂದಿದ್ದ. ತಿರುವು ಎಲ್ಲ ತಿರುವುಗಳ ಹಾಗೇ ಇತ್ತು. ಎಮ್ಮೆ ಇರಲೇ ಇಲ್ಲ!

ನನ್ನ ಪರಿಚಯ ದೊಡ್ಡದೇನಿಲ್ಲ. ತೀರ್ಥಹಳ್ಳಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತೇನೆ. ಹುಟ್ಟುಹಬ್ಬದ ಶುಭಾಶಯಕ್ಕೂ ಭಾವಪೂರ್ಣ ಶ್ರದ್ಧಾಂಜಲಿಗೂ ಒಂದೇ ಗುಲಾಬಿ ಹೂವು ಹಾಕಿ ಬದುಕಿಕೊಂಡಿದ್ದೇನೆ. ಉಳಿದ ಹೊತ್ತಿನಲ್ಲಿ ಮಿಮಿಕ್ರಿ. ನೆಗಡಿಯಾದ ಪುರೋಹಿತರು, ಹಸುವಿಗೆ ಹೆದರುವ ಪಶುವೈದ್ಯರು, ಫೋನಿನಲ್ಲಿ ಚಿಕ್ಕಮ್ಮನ ಜೊತೆ ಪಿಸುಗುಡುತ್ತಾ ಇಡೀ ಕೇರಿಗೆ ಕೇಳುವಂತೆ ಮಾತಾಡುವ ನನ್ನ ಅಮ್ಮ, ಎಲ್ಲರನ್ನೂ ಮಾಡುತ್ತೇನೆ. ರಜೆ ಕೇಳುವಾಗಿನ ನನ್ನ ದನಿಯನ್ನೂ ಮಾಡುತ್ತೇನೆ. ಅದು ಪುರೋಹಿತರಿಗಿಂತ ದಯನೀಯವಾಗಿರುತ್ತದೆ.

ಮತ್ತೆ ನನಗೊಂದು ಹುಚ್ಚು. ರೂಪ ಬದಲಿಸುವ ರೋಬೋಟುಗಳು. ಕೈ ಮಡಚಿ ಕಾಲು ತಿರುಗಿಸಿ ತಲೆ ಒಳಕ್ಕೆ ತಳ್ಳಿದರೆ ಲಾರಿಯಾಗುತ್ತವೆ, ಜೀಪಾಗುತ್ತವೆ, ವಿಮಾನವಾಗುತ್ತವೆ. ಟಿವಿಯ ಮೇಲಿನ ಶೆಲ್ಫಿನಲ್ಲಿ ನಲವತ್ತೊಂದು ಇವೆ. ಅದರಲ್ಲಿ ಒಂದು ಕ್ರೇನ್. ತಿರುಗಿಸುವ ವಿಧಾನದ ಚೀಟಿ ಕಳೆದುಹೋಗಿ ಅದು ಮೂರು ವರ್ಷದಿಂದ ಅರ್ಧದಲ್ಲೇ ನಿಂತಿದೆ.

"ಎಂತದಾ ಶರತಾ ಇದು? ಕ್ರೇನೊಳಗೆ ಯಾರೋ ಸಿಕ್ಕಿಹಾಕ್ಕಂಡಂಗೆ ಇದ್ಯಲ್ಲ?" ಎಂದು ಅಮ್ಮ ಧೂಳು ಹೊಡೆಯುವಾಗಲೆಲ್ಲ ಕೇಳುತ್ತಾರೆ.

ಈ ನಲವತ್ತೊಂದು ಗೊಂಬೆಗಳಿಂದ ನಾನು ಕಲಿತ ವಿದ್ಯೆ ಒಂದೇ: ತಿರುಗದಿದ್ದರೆ ಇನ್ನೂ ಸ್ವಲ್ಪ ಒತ್ತು. 'ಟಕ್' ಎಂದು ಸದ್ದು ಬಂದರೆ ಕೂತಿತು ಎಂದು ಅರ್ಥ. ಈ ವಿದ್ಯೆಯನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದೆ ನನ್ನನ್ನು ಬೈಯಲು ಬೇಕಾಗುತ್ತದೆ.

ನನ್ನ ಅಕ್ಕ ವೀಣಾ ಹೊಸನಗರದಲ್ಲಿ ಒಬ್ಬ ದಂತವೈದ್ಯರ ಹತ್ತಿರ ಹಲ್ಲಿನ ಸೆಟ್ಟು ಮಾಡುತ್ತಾಳೆ. ಭಾವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ದಿನಕ್ಕೆ ಮೂರು ವಾಕ್ಯ ಮಾತಾಡುತ್ತಾರೆ. ಅಕ್ಕನಿಗೂ ರೋಬೋಟಿನ ಹುಚ್ಚೇ, ಆದರೆ ಬೇರೆ ಜಾತಿಯದು. ಅವಳದು ಕಿಟ್ಟು. ಪೆಟ್ಟಿಗೆ ತೆರೆದರೆ ರೋಬೋಟು ಇರುವುದಿಲ್ಲ. ಪ್ಲಾಸ್ಟಿಕ್ ಚೌಕಟ್ಟುಗಳಲ್ಲಿ ಅಂಟಿಕೊಂಡ ನೂರಾರು ಚೂರುಗಳಿರುತ್ತವೆ. ಒಂದೊಂದನ್ನೇ ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಚಿಮಟದಲ್ಲಿ ಹಿಡಿದು ಜೋಡಿಸಿ, ಕೂದಲೆಳೆಯಂಥ ಬ್ರಶ್ಶಿನಲ್ಲಿ ಬಣ್ಣ ಬರೆಯಬೇಕು. ಹಲ್ಲು ಉಜ್ಜಿ ಉಜ್ಜಿ ಅವಳ ಕೈಗೆ ಅಂಥ ಹದ ಬಂದಿದೆ.

ನಮ್ಮಿಬ್ಬರಿಗೂ ಇದರ ಮೇಲೆ ಯಾವಾಗಲೂ ಜಗಳ.

"ನಿನ್ನ ರೋಬೋಟು ಎಂತ ಆಗುತ್ತೆ?" ಎಂದು ನಾನು.

"ಎಂತನೂ ಆಗಲ್ಲ. ರೋಬೋಟಾಗೇ ಇರುತ್ತೆ."

"ಹಂಗಾದ್ರೆ ಅದು ಬಣ್ಣ ಹಚ್ಕಂಡು ಚೌಕಿಯಲ್ಲೇ ಕೂತ ಯಕ್ಷಗಾನದ ವೇಷ ಮಾರಾಯ್ತಿ! ರಂಗಸ್ಥಳಕ್ಕೆ ಬರೋದೇ ಇಲ್ಲ. ನಂದು ನೋಡು, ಒಂದೇ ಆಟದಲ್ಲಿ ಎರಡು ವೇಷ!"

"ನಿಂದು ಅಂಗಡೀಲಿ ತಗಂಡಿದ್ದು. ನಂದು ನಾನು ಕಟ್ಟಿದ್ದು. ಬಾಯಿ ಮುಚ್ಕಂಡು ಕಾಫಿ ಕುಡಿ."

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕಳೆದ ವರ್ಷ ಮೇಗರವಳ್ಳಿಯಲ್ಲಿ ಚಿಕ್ಕಪ್ಪನ ಹೊಸ ಮನೆಯ ಗೃಹಪ್ರವೇಶವಾಯಿತು. ಊಟದ ಪಂಕ್ತಿ ಕೂತಿತ್ತು. ಯಾರೋ "ಶರತ, ಏನಾದ್ರೂ ಮಾಡಾ" ಎಂದರು. ನನಗೆ ಅಷ್ಟೇ ಸಾಕು. "ಈಗ ನಮ್ಮ ಅಕ್ಕ ರೋಬೋಟು ಕಟ್ಟುವ ದೃಶ್ಯ" ಎಂದು ಘೋಷಿಸಿದೆ. ಕಣ್ಣು ಮೆಳ್ಳಗೆ ಮಾಡಿದೆ. ನಾಲಿಗೆಯನ್ನು ಬಾಯಿಯ ಎಡ ತುದಿಯಲ್ಲಿ ಹೊರಗಿಟ್ಟೆ. ಉಸಿರು ಬಿಗಿಹಿಡಿದು ಗಾಳಿಯಲ್ಲಿ ಒಂದು ಚೂರು ಕತ್ತರಿಸಿದೆ. ಚೂರು ಹಾರಿತು! "ಅಯ್ಯೋ, ನನ್ನ ರೋಬೋಟಿನ ಕಿರುಬೆರಳು ಎಲ್ಲಿಗೆ ಹೋಯ್ತು ಮಾರಾಯ್ರೆ!" ಎನ್ನುತ್ತಾ ಪಂಕ್ತಿಯ ನಡುವೆ ನಾಲ್ಕು ಕಾಲಲ್ಲಿ ತೆವಳಿದೆ. ದೊಡ್ಡತ್ತೆಯ ಎಲೆಯಿಂದ ಒಂದು ಬೀನ್ಸ್ ಚೂರು ಎತ್ತಿ, ಬೆಳಕಿಗೆ ಹಿಡಿದು, "ಸಿಕ್ತು!" ಎಂದು ಕೂಗಿದೆ.

ದೊಡ್ಡತ್ತೆಗೆ ಪಾಯಸ ಮೂಗಿಗೆ ಹತ್ತಿತು. ಜನ ಬಿದ್ದು ಬಿದ್ದು ನಕ್ಕರು. ಅಕ್ಕನೂ ನಕ್ಕಳು.

ಎರಡು ತಿಂಗಳಾದ ಮೇಲೆ ಭಾವ ಫೋನ್ ಮಾಡಿದರು. ಅವರಾಗಿ ಫೋನ್ ಮಾಡಿದರೆಂದರೆ ಯಾರೋ ಹೋಗಿಬಿಟ್ಟಿದ್ದಾರೆ ಎಂದೇ ನಾನು ತಿಳಿದೆ.

"ಅವಳು ಸಾಮಾನೆಲ್ಲ ಬಿಸ್ಕತ್ ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಹಾಕಿದಾಳೆ ಕಣಾ," ಎಂದರು. "ಮನೆಗೆ ಬಂದವರೆಲ್ಲ ಬೀನ್ಸ್ ರೋಬೋಟು ತೋರ್ಸಿ ಅಂತಾರೆ. ಇಡ್ತೀನಿ."

ಮೂರು ವಾಕ್ಯ. ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮಾರನೇ ವಾರವೇ ಹೊಸನಗರಕ್ಕೆ ಹೋಗಿ ಕ್ಷಮೆ ಕೇಳಿದೆ. ಕೇಳಿದ್ದು ಹೌದು, ಆದರೆ ಪಶುವೈದ್ಯರ ದನಿಯಲ್ಲಿ! ಆ ಹೊತ್ತಿಗೆ ನನ್ನ ಸ್ವಂತ ದನಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಅಕ್ಕ ನಗಲಿಲ್ಲ. ಅವಲಕ್ಕಿ ಕೊಟ್ಟಳು.

ಅದಾಗಿ ಎಷ್ಟೋ ದಿನದ ಮೇಲೆ ಅವಳೇ ಡಬ್ಬ ಕೆಳಗಿಳಿಸಿದಳು. ಶುರು ಮಾಡಿದ್ದು ಗೇಣಿಗಿಂತ ಎತ್ತರದ, ಕಾಡುಹಸಿರು ಬಣ್ಣದ ಒಂದು ರೋಬೋಟು. ಒಂಬತ್ತು ತಿಂಗಳು ಹಿಡಿಯಿತು. ಬಣ್ಣ ಕೆಡದಿರಲಿ ಎಂದು ಕೊನೆಗೆ ಹೊಡೆಯುವ ಸ್ಪ್ರೇಯನ್ನು ನಮ್ಮ ಕಡೆ ಮಳೆಗಾಲದಲ್ಲಿ ಹೊಡೆಯುವಂತಿಲ್ಲ. ಥಂಡಿಗೆ ಅದು ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ಹಾಗಾಗಿ ಒಂದೇ ಒಂದು ಸ್ಪ್ರೇಗೋಸ್ಕರ ಅವಳು ದೀಪಾವಳಿವರೆಗೆ ಆಕಾಶ ನೋಡಿಕೊಂಡು ಕಾದಳು. ಎದೆಯ ಮೇಲೆ ಎಷ್ಟು ಸಣ್ಣ ಗೆರೆಗಳೆಂದರೆ, ಮೂಗು ತಾಗಿಸಿ ನೋಡಿದರೆ ಮಾತ್ರ ಕಾಣುತ್ತಿದ್ದವು. ಕಣ್ಣಿನ ಜಾಗದಲ್ಲಿ ಹಳದಿ ಗಾಜಿನಂಥ ಒಂದು ಪಟ್ಟಿ.

ಅದೇ ಹೊತ್ತಿಗೆ ಸಾಗರದ ಒಂದು ಸಭಾಭವನದಲ್ಲಿ ಹವ್ಯಾಸಿಗಳ ವಸ್ತುಪ್ರದರ್ಶನ ಎಂದು ಗೊತ್ತಾಯಿತು. ಅಕ್ಕ ಹೆಸರು ಕೊಟ್ಟಳು. ಮನೆಯ ಹೊರಗೆ ತನ್ನ ಕೆಲಸವನ್ನು ಅವಳು ನಾಲ್ಕು ಜನರ ಮುಂದೆ ಇಡುವುದು ಅದೇ ಮೊದಲು. ಪ್ರದರ್ಶನ ಭಾನುವಾರ. ವಸ್ತು ಮಾತ್ರ ಶನಿವಾರ ಸಂಜೆ ಐದರೊಳಗೆ ತಲುಪಬೇಕು. ಶನಿವಾರ ಅವಳಿಗೆ ಯಾರದೋ ಇಡೀ ಬಾಯಿಯ ಸೆಟ್ಟು ಕೂರಿಸುವುದಿತ್ತು. ಭಾವನಿಗೆ ಶಾಲೆ, ಅದು ಬಿಟ್ಟ ಮೇಲೆ ಸಂಜೆವರೆಗೆ ಸ್ಪೆಷಲ್ ಕ್ಲಾಸು.

"ನಾನು ತಗಂಡು ಹೋಗ್ತೀನಿ," ಎಂದೆ. ಈ ಸಲ ಸ್ವಂತ ದನಿಯಲ್ಲೇ.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಭಾವನನ್ನು ನೋಡಿದಳು. ಭಾವ ಕಿಟಕಿ ನೋಡಿದರು.

ಶನಿವಾರ ಬೆಳಿಗ್ಗೆ ರೋಬೋಟನ್ನು ರಟ್ಟಿನ ಡಬ್ಬದಲ್ಲಿ ಸ್ಪಂಜಿನ ನಡುವೆ ನಿಲ್ಲಿಸಿ ಕೊಟ್ಟಳು. "ಮುಚ್ಚಳ ತೆಗೀಬೇಡ. ಡಬ್ಬ ಮಲಗಿಸ್ಬೇಡ. ಯಾರ ಹತ್ರನೂ ಭಾಷಣ ಮಾಡ್ಬೇಡ. ಕೇಳ್ತಾ?"

"ಮುಚ್ಚಳ ತೆಗೀಬೇಡ, ಡಬ್ಬ ಮಲಗಿಸ್ಬೇಡ..." ಎಂದು ಅವಳದೇ ದನಿಯಲ್ಲಿ ಒಪ್ಪಿಸಿದೆ.

"ಅದ್ನೇ ಮಾಡ್ಬೇಡ ಅಂದಿದ್ದು!"

ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಅಪ್ಪಿಕೊಂಡು ಕೂತೆ. ಎಷ್ಟು ಜವಾಬ್ದಾರಿಯಿಂದ ಕೂತಿದ್ದೆನೆಂದರೆ ನನಗೇ ನನ್ನ ಮೇಲೆ ಗೌರವ ಬಂತು. ಪಕ್ಕದಲ್ಲಿ ಒಬ್ಬ ಅಜ್ಜಿ, ಮಡಿಲಲ್ಲಿ ಕೈಚೀಲ.

"ಎಂತ ಮಗಾ ಅದು? ಕೇಕಾ?"

"ಅಲ್ಲ ಅಜ್ಜಿ. ರೋಬೋಟು."

"ಹಂಗಂದ್ರೆ?"

ನೀವೇ ಹೇಳಿ. ಒಬ್ಬ ಹಿರಿಯರು ಜ್ಞಾನ ಬೇಡಿದಾಗ ಬಾಯಿ ಮುಚ್ಚಿಕೊಂಡಿರುವುದು ನಮ್ಮ ಸಂಸ್ಕೃತಿಯೇ? ಮುಚ್ಚಳವನ್ನು ಒಂದೇ ಒಂದು ಅಂಗುಲ ಎತ್ತಿದೆ. ಅಜ್ಜಿ ಬಗ್ಗಿದರು. ಹಿಂದಿನ ಸೀಟಿನವರು ಎದ್ದು ನಿಂತರು. ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ಅಲ್ಲೇ ಕಂಬಕ್ಕೆ ಒರಗಿದ. ಇನ್ನೊಂದು ಅಂಗುಲ ಎತ್ತಿದೆ. ಮತ್ತೆ ಅಂಗುಲದ ಲೆಕ್ಕ ಉಳಿಯಲಿಲ್ಲ. ರೋಬೋಟು ನನ್ನ ಅಂಗೈ ಮೇಲೆ ನಿಂತಿತ್ತು, ನಾನು ಭಾಷಣ ಮಾಡುತ್ತಿದ್ದೆ!

"ನಮ್ಮ ಅಕ್ಕ ಮಾಡಿದ್ದು. ನಾಳೆ ಪ್ರದರ್ಶನಕ್ಕೆ ಇಡ್ತೀವಿ, ಎಲ್ಲರೂ ಬನ್ನಿ," ಎಂದು ಇಡೀ ಬಸ್ಸನ್ನು ಕರೆದೆ.

"ನನ್ನ ಮೊಮ್ಮಗಳ ಹತ್ರನೂ ಒಂದು ಇದೆ," ಎಂದರು ಅಜ್ಜಿ. "ಹಿಂಗೆ ಹಿಂಗೆ ತಿರುವಿದ್ರೆ ಕಾರಾಗುತ್ತೆ. ಇದು ಎಂತ ಆಗುತ್ತೆ?"

ಎಂತದೂ ಆಗುವುದಿಲ್ಲ. ಇದು ನನಗೆ ಗೊತ್ತಿತ್ತು. ಹತ್ತು ಹಲವು ಬಾರಿ ಜಗಳವಾಡಿ ಗೊತ್ತುಮಾಡಿಕೊಂಡ ಸಂಗತಿ. ಆದರೆ ಹದಿನೈದು ಮುಖಗಳು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದವು. ನೋಡುವವರಿದ್ದಾಗ 'ಏನೂ ಇಲ್ಲ' ಎಂದು ಹೇಳುವ ಅಭ್ಯಾಸ ನನಗಿಲ್ಲ.

"ಲಾರಿ ಆಗುತ್ತೆ!" ಎಂದೆ.

"ಮಾಡು ನೋಡುವಾ," ಎಂದ ಕಂಡಕ್ಟರ್.

ಎಡಗಾಲು ಹಿಡಿದು ಮೇಲಕ್ಕೆ ಮಡಚಿದೆ. ಸ್ವಲ್ಪ ಬಂತು, ನಿಂತಿತು. ನಲವತ್ತೊಂದು ಗೊಂಬೆಗಳ ವಿದ್ಯೆ ಕೈಗೆ ಬಂತು. ಇನ್ನೂ ಸ್ವಲ್ಪ ಒತ್ತಿದೆ.

ಟಕ್.

"ಕೂತ್ಕಂತು ನೋಡಿ!" ಎಂದು ಸಾರಿದೆ. ಉತ್ಸಾಹದಲ್ಲಿ ಇನ್ನೊಂದು ಸುತ್ತು ತಿರುಗಿಸಿದೆ.

ಟಕ್.

ಬಲಗೈಯಲ್ಲಿ ರೋಬೋಟಿತ್ತು. ಎಡಗೈಯಲ್ಲಿ ಅದರ ಕಾಲಿತ್ತು. ಹಿಂದಿನ ಸೀಟಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು!

"ಲಾರಿ ಎಲ್ಲಿ?" ಎಂದ ಕಂಡಕ್ಟರ್.

"ಅರ್ಧ ಆಗಿದೆ," ಎಂದೆ.

ಅಜ್ಜಿ ಮಾತ್ರ ಕಾಲನ್ನೂ ನನ್ನ ಮುಖವನ್ನೂ ಒಂದು ಸಲ ನೋಡಿ ಮೆಲ್ಲಗೆ ಹೇಳಿದರು: "ಮುರೀತಲ್ಲಾ ಮಗಾ."

ಸಾಗರದಲ್ಲಿ ಇಳಿದಾಗ ಎರಡೂವರೆ ಗಂಟೆ. ಐದಕ್ಕೆ ಇನ್ನೂ ಹೊತ್ತಿತ್ತು. ಆ ಕ್ಷಣದಲ್ಲಿ ಅಕ್ಕನಿಗೆ ಒಂದು ಫೋನ್ ಮಾಡಿದ್ದರೆ ಕಥೆ ಅಲ್ಲಿಗೇ, ಒಂದು ಕಾಲಿಗೇ ಮುಗಿಯುತ್ತಿತ್ತು. ನಾನು ಫೋನ್ ತೆಗೆದೆ. ಅವಳ ಹೆಸರನ್ನು ನೋಡಿದೆ. ಫೋನ್ ಜೇಬಿಗೆ ಹಾಕಿ ಫ್ಯಾನ್ಸಿ ಸ್ಟೋರಿಗೆ ಹೋಗಿ, ಕ್ಷಣದಲ್ಲಿ ಅಂಟುವ ಗಮ್ಮು ಕೊಂಡೆ.

ಗಮ್ಮು ಮಾತಿಗೆ ತಪ್ಪಲಿಲ್ಲ. ಕ್ಷಣದಲ್ಲೇ ಅಂಟಿತು. ಕಾಲು ಸೊಂಟಕ್ಕೆ, ನನ್ನ ಹೆಬ್ಬೆರಳು ಕಾಲಿಗೆ! ಹೆಬ್ಬೆರಳು ಎಳೆದೆ. ಬಂತು, ಜೊತೆಗೆ ಕಾಡುಹಸಿರು ಬಣ್ಣವೂ ಬಂತು. ತೊಡೆಯ ಮೇಲೆ ನನ್ನ ಬೆರಳಚ್ಚು ನೋಂದಣಿ ಕಚೇರಿಯಲ್ಲಿ ಒತ್ತಿದಷ್ಟು ಸ್ಪಷ್ಟವಾಗಿ ಉಳಿಯಿತು. ಆಗಲೇ ನನ್ನ ಗಮನಕ್ಕೆ ಬಂದದ್ದು, ಪಾದ ಹಿಂದುಮುಂದಾಗಿದೆ. ರೋಬೋಟು ಒಂದು ಕಾಲಲ್ಲಿ ಸಾಗರಕ್ಕೂ ಇನ್ನೊಂದು ಕಾಲಲ್ಲಿ ಹೊಸನಗರಕ್ಕೂ ಹೊರಟಂತಿತ್ತು.

"ಗಮ್ಮು ಬಿಡಿಸ್ಬೇಕಿತ್ತು ಅಕ್ಕಾ," ಎಂದು ಅಂಗಡಿಯ ಹೆಂಗಸನ್ನು ಕೇಳಿದೆ.

"ನೇಲ್ ಪಾಲಿಶ್ ತೆಗಿಯದು ಹಚ್ಚಿ. ನನ್ನ ಕೈಗೆ ಅಂಟಿದಾಗ ಅದ್ರಲ್ಲೇ ಬಿಟ್ಟಿದ್ದು."

ಅವರು ಹೇಳಿದ್ದು ಕೈಯ ಮಾತು. ನಾನು ಹಚ್ಚಿದ್ದು ರೋಬೋಟಿಗೆ. ಮೊದಲು ಬಣ್ಣ ಹೋಯಿತು. ಆಮೇಲೆ ಅಕ್ಕ ಚಿಮಟದಲ್ಲಿ ಅಂಟಿಸಿದ್ದ ಸಾಸಿವೆಯಷ್ಟು ಅಕ್ಷರಗಳು ಜಾರಿ ಕೆಳಗಿಳಿದವು. ಕೊನೆಗೆ ಮೊಣಕಾಲು ಬಿಸಿಲಲ್ಲಿಟ್ಟ ಬೆಲ್ಲದಂತೆ ಮೆತ್ತಗಾಯಿತು. ಗಮ್ಮು ಮಾತ್ರ ಜಗ್ಗಲಿಲ್ಲ! ಗಾಬರಿಯಲ್ಲಿ ಇನ್ನಷ್ಟು ಗಮ್ಮು ಸುರಿದು, ಮೊಣಕಾಲು ಒತ್ತಿಹಿಡಿದು, ಡಬ್ಬದೊಳಗಿಟ್ಟು ಗಟ್ಟಿಯಾಗಿ ಮುಚ್ಚಳ ಹಾಕಿದೆ. ಬಸ್ಸಿನಲ್ಲಿ ತೆಗೆಯಲೇಬಾರದಾಗಿದ್ದ ಮುಚ್ಚಳ.

ಅರ್ಧ ಗಂಟೆ ಬಿಟ್ಟು ತೆಗೆದರೆ ಗಮ್ಮಿನ ಹೊಗೆ ಒಳಗೇ ಸುತ್ತಿ, ಆ ಹಳದಿ ಕಣ್ಣು ಪೂರ್ತಿ ಬೆಳ್ಳಗಾಗಿತ್ತು. ಅಕ್ಕ ಒಂಬತ್ತು ತಿಂಗಳು ಹೊತ್ತು ಹಡೆದ ರೋಬೋಟಿಗೆ ಒಂದೇ ಮಧ್ಯಾಹ್ನದಲ್ಲಿ ಕಣ್ಣಿಗೆ ಪೊರೆ ಬರಿಸಿ, ಮಂಡಿನೋವು ತರಿಸಿ ಮುದುಕನನ್ನಾಗಿ ಮಾಡಿದ್ದೆ. ರೂಪ ಬದಲಾಗುವುದಿಲ್ಲ ಎಂದವರು ಯಾರು?

ಸಭಾಭವನದಲ್ಲಿ ಮೇಜಿನ ಹಿಂದೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಕೂತಿದ್ದರು. "ಮಾಡಿದವರ ಹೆಸರು, ಕೃತಿಯ ಹೆಸರು ಕಾರ್ಡಲ್ಲಿ ಬರೀರಿ," ಎಂದರು. ಕೃತಿಯನ್ನು ನೋಡಿ ಕನ್ನಡಕ ತೆಗೆದರು. "ಇದು ಹೀಗೇ ಇರೋದಾ?"

ಇಡೀ ದಿನದ ಅತಿ ದೊಡ್ಡ ಪಾಪ ಇಲ್ಲಿ ನಡೆಯಿತು. ಕಾಲು ಮುರಿದದ್ದು ದಡ್ಡತನ. ಇದು ಬೇರೆ. ಶ್ರದ್ಧಾಂಜಲಿ ಫ್ಲೆಕ್ಸುಗಳನ್ನು ಬರೆದು ಬರೆದು ಪಳಗಿದ ನನ್ನ ಕೈ ತಾನಾಗಿಯೇ ಬರೆಯಿತು: 'ರಣರಂಗದಿಂದ ಮರಳಿದ ಗಾಯಾಳು ಯೋಧ.' ಕೆಳಗೆ: 'ರಚನೆ: ವೀಣಾ, ಹೊಸನಗರ.'

"ಓಹೋಹೋ!" ಎಂದರು ಮೇಷ್ಟ್ರು. ಅವರು ಯೋಧನನ್ನು ಮುಂದಿನ ಸಾಲಿಗೇ ಇಟ್ಟರು.

ಭಾನುವಾರ ಹತ್ತು ಗಂಟೆಗೆ ಅಕ್ಕ, ಭಾವ ಬೈಕಿನಲ್ಲಿ ಬಂದರು. ಅಕ್ಕ ಮದುವೆ ಮನೆಗೆ ಉಡುವ ನೀಲಿ ಸೀರೆ ಉಟ್ಟಿದ್ದಳು. ಅದನ್ನು ನೋಡಿಯೇ ನನಗೆ ಓಡಿಹೋಗಬೇಕೆನಿಸಿತು. ಹಿಂದಿನ ರಾತ್ರಿ ನಾನು ಸಾಗರದ ಲಾಡ್ಜಿನಲ್ಲಿದ್ದಾಗ ಫೋನಿನಲ್ಲಿ "ಕೊಟ್ಟಾಯ್ತಾ?" ಎಂದಿದ್ದಳು, "ಕೊಟ್ಟಾಯ್ತು" ಎಂದಿದ್ದೆ. ಅದೊಂದೇ ನಾನು ಹೇಳಿದ ನಿಜ.

ಅವಳ ಮೇಜಿನ ಸುತ್ತ ಜನ ಮುತ್ತಿದ್ದರು. ಅಕ್ಕನ ಮುಖ ಅರಳಿತು. ಜನರನ್ನು ಸರಿಸಿಕೊಂಡು ಮುಂದೆ ಹೋದಳು. ಆಮೇಲೆ ಆ ಮುಖವನ್ನು ನಾನು ನೋಡಲಿಲ್ಲ. ನನ್ನ ಚಪ್ಪಲಿ ನೋಡಿಕೊಂಡೆ.

"ನೀವೇನಮ್ಮಾ ವೀಣಾ?" ಮೇಷ್ಟ್ರು ಓಡಿ ಬಂದರು. ಕೈಯಲ್ಲಿ 'ವಿಶೇಷ ಮೆಚ್ಚುಗೆ' ಎಂಬ ಕೆಂಪು ರಿಬ್ಬನ್ನು. "ಎಂಥಾ ಕಲ್ಪನೆ ತಾಯಿ! ಆ ಮೊಣಕಾಲಿನ ಗಾಯ, ಆ ಕುರುಡು ಕಣ್ಣು! ಅದು ಹೆಂಗೆ ತಂದ್ರಿ?"

ಎದೆಯ ಮೇಲಿನ ಗೆರೆಗಳನ್ನು ಯಾರೂ ನೋಡುತ್ತಿರಲಿಲ್ಲ. ಒಂಬತ್ತು ತಿಂಗಳಲ್ಲಿ ಅವಳು ಮಾಡಿದ್ದನ್ನು ಬಿಟ್ಟು, ಅರ್ಧ ದಿನದಲ್ಲಿ ನಾನು ಹಾಳು ಮಾಡಿದ್ದನ್ನು ಊರೇ ಹೊಗಳುತ್ತಿತ್ತು.

ಅಕ್ಕ ಕಾರ್ಡಿನ ಮೇಲಿನ ಕೈಬರಹ ನೋಡಿದಳು. ನನ್ನನ್ನು ನೋಡಿದಳು. "ಮುಚ್ಚಳ ತೆಗೆದ್ಯಾ?"

"ಇಲ್ಲ ಅಕ್ಕ! ಡ್ರೈವರ್ ಒಂದು ತಿರುವಲ್ಲಿ... ಅಡ್ಡ ಎಮ್ಮೆ ಬಂತು... ಇಷ್ಟು ದೊಡ್ಡ ಎಮ್ಮೆ..."

ನಾನು ಎಮ್ಮೆಯ ಕೊಂಬಿನ ಅಳತೆ ತೋರಿಸುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು.

"ಹೋ, ಮಗಾ! ಲಾರಿ ಆಯ್ತಾ ಅದು?"

ಬಸ್ಸಿನ ಅಜ್ಜಿ! ನಾನೇ ಕರೆದಿದ್ದೆನಲ್ಲ, ಪಾಪ, ಬಂದಿದ್ದರು. ಅಕ್ಕನ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದರು. ಹೇಗೆ ಎತ್ತಿದೆ, ಹೇಗೆ ತಿರುವಿದೆ, ಹೇಗೆ ಟಕ್ ಎಂದಿತು. "ಲಾರಿ ಎಲ್ಲಿ ಅಂದ್ರೆ ಅರ್ಧ ಆಗಿದೆ ಅಂದ!" ಎಂದು ನನ್ನದೇ ದನಿಯಲ್ಲಿ ಹೇಳಿದರು. ಅಚ್ಚುಕಟ್ಟಾಗಿ ಮಾಡಿದರು. ಸುತ್ತಲಿದ್ದವರು ನಕ್ಕರು. ತನ್ನ ವೇಷವನ್ನು ಬೇರೆಯವರು ಕಟ್ಟಿದಾಗ ಎಲ್ಲಿ ಚುಚ್ಚುತ್ತದೆ ಎನ್ನುವುದು ನನಗೆ ಅವತ್ತೇ ತಿಳಿದದ್ದು. ನಾನೂ ನಕ್ಕೆ. ಮೇಗರವಳ್ಳಿಯಲ್ಲಿ ಅಕ್ಕ ನಕ್ಕಿದ್ದಳಲ್ಲ, ಅದೇ ನಗು.

ಅಕ್ಕ "ಸಾರ್, ಈ ಗಾಯ ನಾನು ಮಾಡಿದ್ದಲ್ಲ," ಎಂದು ಮೇಷ್ಟ್ರಿಗೆ ಹೇಳಿ, ರಿಬ್ಬನ್ನು ತೆಗೆದುಕೊಂಡು, ನನ್ನ ಅಂಗಿಯ ಜೇಬಿಗೆ ಪಿನ್ನು ಚುಚ್ಚಿ ಸಿಕ್ಕಿಸಿದಳು. ರೋಬೋಟನ್ನು ಡಬ್ಬದಲ್ಲಿಟ್ಟು ಮುಚ್ಚಳ ಹಾಕಿದಳು. "ಮುಂದಿನ ಭಾನುವಾರ ಮನೆಗೆ ಬಾ," ಎಂದಳು. ವಿಶೇಷ ಮೆಚ್ಚುಗೆಯನ್ನು ಎದೆಯ ಮೇಲೆ ಹೊತ್ತುಕೊಂಡೇ ನಾನು ತೀರ್ಥಹಳ್ಳಿ ಬಸ್ಸು ಹತ್ತಿದೆ. ಬಿಚ್ಚಲು ಧೈರ್ಯ ಬರಲಿಲ್ಲ.

ಭಾನುವಾರ ಹೋದೆ. ಪ್ರಾಯಶ್ಚಿತ್ತವಾಗಿ ಅರ್ಧದಲ್ಲಿ ನಿಂತ ಕ್ರೇನನ್ನು ಕಾಣಿಕೆ ಒಯ್ದಿದ್ದೆ. ಅಕ್ಕ ಅದನ್ನು ಎರಡು ನಿಮಿಷ ನೋಡಿ, ಮೂರು ಕಡೆ ಮೆಲ್ಲಗೆ ತಿರುಗಿಸಿ, ಪೂರ್ತಿ ಕ್ರೇನ್ ಮಾಡಿ ವಾಪಸು ಕೊಟ್ಟಳು. ಒಂದು ಟಕ್ ಕೂಡ ಕೇಳಲಿಲ್ಲ.

ಆಮೇಲೆ ಕುರ್ಚಿ ತೋರಿಸಿದಳು. ಮುರಿದ ಕೀಲನ್ನು ಹಲ್ಲಿನ ಸೆಟ್ಟಿಗೆ ಹಾಕುವ ಗುಲಾಬಿ ಪುಡಿಯಲ್ಲೇ ಅಚ್ಚು ಹೊಯ್ದಿದ್ದಳು. ಒಸಡಿನ ಬಣ್ಣದ, ಅಕ್ಕಿಕಾಳಿನಷ್ಟು ತುಂಡು. ಅದನ್ನು ನಾನು ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಬೇಕಂತೆ. ಒಂದು ಕೂದಲೆಳೆ ಹೆಚ್ಚಾದರೂ ಕೂರುವುದಿಲ್ಲ, ಕಡಿಮೆಯಾದರೂ ನಿಲ್ಲುವುದಿಲ್ಲ. ಅಕ್ಕ ಎದುರಿಗೆ ಕೂತು ಹೊಸದಾಗಿ ಬಣ್ಣ ಬೆರೆಸುತ್ತಿದ್ದಳು. ಭಾವ ಮಂಚದ ಮೇಲೆ ಪೇಪರ್ ಓದುತ್ತಿದ್ದರು.

ಒಂದು ಗಂಟೆ ಉಜ್ಜಿದೆ. ಕಣ್ಣು ತಾನಾಗಿಯೇ ಮೆಳ್ಳಗಾಯಿತು. ಉಸಿರು ತಾನಾಗಿಯೇ ನಿಂತಿತು. ನಾಲಿಗೆ ಯಾರ ಅಪ್ಪಣೆಯನ್ನೂ ಕೇಳದೆ ಬಾಯಿಯ ಎಡ ತುದಿಯಿಂದ ಹೊರಗೆ ಬಂದಿತ್ತು. ಆಗ ಚಿಮಟ ಜಾರಿ ತುಂಡು ಹಾರಿತು.

"ಅಯ್ಯೋ, ಎಲ್ಲಿಗೆ ಹೋಯ್ತು!" ಎಂದು ನೆಲಕ್ಕೆ ಬಿದ್ದೆ. ನಾಲ್ಕು ಕಾಲಲ್ಲಿ ತೆವಳುತ್ತಾ ಮಂಚದ ಕೆಳಗೆ ನುಗ್ಗಿದೆ. ಭಾವ ಪೇಪರ್ ಇಳಿಸದೆಯೇ ಎರಡೂ ಕಾಲು ಮೇಲಕ್ಕೆತ್ತಿ ದಾರಿ ಬಿಟ್ಟರು. ಕೊನೆಗೆ ಮೂಲೆಯ ಧೂಳಿನಲ್ಲಿ ಆ ಗುಲಾಬಿ ಕಾಳು ಕಂಡಿತು. ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ಕೂಗಿದೆ:

"ಸಿಕ್ತು!"

ಕೂಗಿದ ಮೇಲೆ ನನಗೇ ಕೇಳಿಸಿತು. ಹಾಗೇ ಮಂಡಿಯೂರಿ ಕೂತುಬಿಟ್ಟೆ.

ಅಕ್ಕ ಬ್ರಶ್ಶಿನಿಂದ ಕಣ್ಣು ತೆಗೆಯದೆ ಹೇಳಿದಳು:

"ಗೃಹಪ್ರವೇಶದ ದಿನ ಇದಕ್ಕಿಂತ ಚೆನ್ನಾಗಿ ಮಾಡಿದ್ದೆ ಮಾರಾಯ."